ಕೆಂಪು ದೀಪ ಬಂದರೆ ಲೋಡ್ ಕಡಿಮೆ ಮಾಡಿ

ನಾನು ಮಾಡಿಕೊಟ್ಟ ಇನ್ವರ್ಟರ್ ಕೈಕೊಟ್ಟಿದೆ ಎಂಬ ಫೋನ್ ಬಂದಾಗ ನಾನು ಚಾಮರಾಜಪೇಟೆಯ ನನ್ನ ವರ್ಕ್‌ಶಾಪಿನಲ್ಲಿ ಇನ್ಯಾರೋ ಮಾಡಿದ ಇನ್ವರ್ಟರನ್ನು ಬಿಚ್ಚಿಕೊಂಡು, ಮಾಡಿದವನನ್ನು ಮನಸಾರೆ ಬೈಯುತ್ತ ಕೂತಿದ್ದೆ. ಆಮೇಲೆ ಬೈಯುವ ಉತ್ಸಾಹ ಇಳಿಯಿತು.

ಫೋನ್ ಮಾಡಿದವಳು ನನ್ನ ಟೈಪಿಂಗ್ ಟೀಚರ ಮಗಳು. ಮೆಜೆಸ್ಟಿಕ್ ಹತ್ತಿರ ಆಫೀಸು, ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. ಹಿಂದಿನ ಸಂಜೆ ಕರೆಂಟ್ ಹೋದಾಗ ಇನ್ವರ್ಟರ್ ಸ್ವಲ್ಪ ಹೊತ್ತು ನಡೆದು ನಿಂತುಬಿಟ್ಟಿದೆ. ಅದರ ಜೊತೆ ಅಮ್ಮನ ಆಕ್ಸಿಜನ್ ಯಂತ್ರವೂ ನಿಂತಿದೆ. ಎದುರುಮನೆಯ ಟೈಲರಕ್ಕ ಓಡಿಬಂದು, ಮೂಲೆಯಲ್ಲಿದ್ದ ಸಣ್ಣ ಸಿಲಿಂಡರ್ ತಿರುಗಿಸಿ ಮೂಗಿಗೆ ನಳಿಕೆ ಕೊಟ್ಟಿದ್ದರಿಂದ ಜೀವ ಉಳಿದಿದೆ. ಇವಳು ಬರುವಾಗಲೂ ಅಮ್ಮನ ತುಟಿಯ ನೀಲಿ ಹೋಗಿರಲಿಲ್ಲವಂತೆ. ಇಷ್ಟನ್ನು ಹೇಳುವಾಗ ಒಂದು ಬೈಗುಳ ಇರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಗಾಂಧಿ ಬಜಾರ್ ಹಿಂದಿನ ಒಂದು ವಠಾರದಲ್ಲಿ ಟೀಚರ ಮನೆ. ನಡುವೆ ಉದ್ದಕ್ಕೆ ಒಂದು ಓಣಿ, ಎರಡೂ ಕಡೆ ಎದುರುಬದುರು ಬಾಗಿಲುಗಳು. ಒಂದು ಕಾಲದಲ್ಲಿ ಬಸವನಗುಡಿಯ ಅರ್ಧ ಜನಕ್ಕೆ ಟೈಪಿಂಗ್ ಕಲಿಸಿದವರು ಅವರು. ನಾನೂ ಡಿಪ್ಲೊಮಾ ಓದುವಾಗ ಅವರ ಹತ್ತಿರ ಜೂನಿಯರ್ ಪಾಸು ಮಾಡಿದ್ದೆ. ಅಕ್ಷರ ಹುಡುಕಿಕೊಂಡು ಕೀಲಿಮಣೆ ನೋಡಿದರೆ ಪೆನ್ಸಿಲಿನಿಂದ ಮೇಜಿಗೆ ಟಕ್ ಎಂದು ಒಂದೇ ಏಟು, ಮಾತಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕು, ಅದು ಅವರ ಧರ್ಮ. ಕಂಪ್ಯೂಟರ್ ಬಂದು ಇನ್ಸ್ಟಿಟ್ಯೂಟ್ ಮುಚ್ಚಿತು. ಆಮೇಲೆ ಶ್ವಾಸಕೋಶ ಗಟ್ಟಿಯಾಗುತ್ತ ಬರುವ ಕಾಯಿಲೆ ಹಿಡಿಯಿತು. ಕೋಣೆಯ ಗಾಳಿಯನ್ನೇ ಒತ್ತಿ ಅದರಿಂದ ಆಕ್ಸಿಜನ್ ಬೇರ್ಪಡಿಸಿ ಮೂಗಿಗೆ ಕಳಿಸುವ ಒಂದು ಹಳೆಯ ಯಂತ್ರ, ಇನ್ನೊಬ್ಬ ರೋಗಿ ಬಳಸಿ ಬಿಟ್ಟಿದ್ದು, ಅವರ ಕುರ್ಚಿಯ ಪಕ್ಕ ಹಗಲೂ ರಾತ್ರಿ ಧಪ್ ಧಪ್ ಎನ್ನುತ್ತ ಇರುತ್ತಿತ್ತು. ಅದಕ್ಕೆ ಕರೆಂಟ್ ಬೇಕು. ಬೇಸಿಗೆಯಲ್ಲಿ ಸಂಜೆ ಲೋಡ್ ಶೆಡ್ಡಿಂಗ್ ಇದ್ದೇ ಇರುತ್ತಿದ್ದ ವರ್ಷಗಳು ಅವು. ಕರೆಂಟ್ ಹೋಗಿ ಮಗಳು ಬರುವವರೆಗಿನ ಆ ಹೊತ್ತನ್ನು ದಾಟಿಸುವುದಕ್ಕೆ ಸಂಕ್ರಾಂತಿಯ ಸುಮಾರಿಗೆ ನಾನು ಇನ್ವರ್ಟರ್ ಹಾಕಿಕೊಟ್ಟಿದ್ದೆ.

ಶಬ್ದ, ಬ್ಯಾಟರಿ ವಾಸನೆ ಬೇಡವೆಂದು ಅದನ್ನು ಓಣಿಯಲ್ಲಿ ಅವರ ಬಾಗಿಲ ಪಕ್ಕವೇ ಇಟ್ಟಿದ್ದೆ. ಕುರ್ಚಿಯಲ್ಲಿ ಕೂತೇ ಕಾಣುವ ಹಾಗೆ ಮುಂಭಾಗದಲ್ಲಿ ಒಂದು ಹಸಿರು ದೀಪ, ಒಂದು ಕೆಂಪು ದೀಪ. ಹಾಕಿದ ದಿನ ಪಾಠ ಹೇಳಿದ್ದೆ: ಕೆಂಪು ದೀಪ ಬಂದರೆ ಬ್ಯಾಟರಿ ಇಳಿಯುತ್ತಿದೆ ಎಂದರ್ಥ, ಆಗ ಲೋಡ್ ಕಡಿಮೆ ಮಾಡಿ. ಲೋಡ್ ಎಂದರೇನು ಎಂದು ಕೇಳಿದರು. ಅಷ್ಟು ಬೇಕಿಲ್ಲದ್ದನ್ನು ಆರಿಸುವುದು ಎಂದೆ. ಅವರು ತಲೆಯಾಡಿಸಿದರು. ಗುರುಗಳಿಗೇ ಪಾಠ ಹೇಳಿದ ಖುಷಿಯಲ್ಲಿ ಕಾಫಿ ಕುಡಿದು ಬಂದಿದ್ದೆ.

ಫೋನ್ ಬಂದ ದಿನ ಹೋಗಿ ನೋಡಿದರೆ ಇನ್ವರ್ಟರ್ ಕೆಟ್ಟಿರಲಿಲ್ಲ. ಮಿತಿ ಮೀರಿ ಕರೆಂಟ್ ಎಳೆದರೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಒಂದು ಸಣ್ಣ ಸರ್ಕ್ಯೂಟ್ ಅದರಲ್ಲಿತ್ತು, ಅದು ತನ್ನ ಕೆಲಸ ಮಾಡಿತ್ತು. ಮಾಡದಿದ್ದರೆ ಒಳಗಿನ ಟ್ರಾನ್ಸಿಸ್ಟರುಗಳು ಸುಟ್ಟು, ವೈರ್ ಕಾದು, ವಠಾರಕ್ಕೇ ಹೊಗೆ ಹಬ್ಬುತ್ತಿತ್ತು. ಆದರೆ ಆ ಸರ್ಕ್ಯೂಟಿಗೆ ಗೊತ್ತಿದ್ದದ್ದು ಒಂದೇ ಮಾತು: ಜಾಸ್ತಿ ಆಯಿತು. ಯಾರಿಂದ ಆಯಿತು, ಎಷ್ಟು ಹೊತ್ತು ಆಯಿತು ಎಂದು ಕೇಳಿದರೆ ಉತ್ತರವಿಲ್ಲ.

ಯಂತ್ರ, ಒಂದು ಫ್ಯಾನು, ಒಂದು ಬಲ್ಬು, ಟಿವಿ. ಇದಿಷ್ಟಕ್ಕೆ ಮಿತಿ ಮೀರುವ ಸಾಧ್ಯತೆಯೇ ಇರಲಿಲ್ಲ. ತಲೆ ಕೆರೆದುಕೊಂಡು ಓಣಿಯಲ್ಲಿ ಕಣ್ಣಾಡಿಸಿದಾಗ ಇನ್ವರ್ಟರಿನ ಹಿಂದಿನಿಂದ ಹೊರಟ ವೈರುಗಳು ಕಂಡವು. ಒಂದು ಎದುರಿಗೆ ಟೈಲರಕ್ಕನ ಕಿಟಕಿಗೆ, ಒಂದು ಪಕ್ಕದ ತರಕಾರಿಯವರ ಮನೆಗೆ, ಇನ್ನೊಂದು ಅದರಾಚೆಗೆ. ಬಟ್ಟೆ ಒಣಹಾಕುವ ಹಗ್ಗದ ಜೊತೆಗೇ ಸುತ್ತಿಕೊಂಡು ನೆಂಟರಂತೆ ಹೋಗಿದ್ದವು. ಅಮ್ಮನೇ ಕೊಟ್ಟದ್ದು, ಮನೆಗೊಂದು ಬಲ್ಬು ಅಷ್ಟೇ ಎಂದಳು ಮಗಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಲ್ಬಿಗೆಂದು ಕೊಟ್ಟ ವೈರಿಗೆ ಜನ ಏನೇನು ಸಿಕ್ಕಿಸುತ್ತಾರೆ ಎಂದು ನೋಡಿ ನೋಡಿ ಹಣ್ಣಾದವಳು ನಾನು. ನೇರ ಟೈಲರಕ್ಕನ ಮನೆಗೆ ಹೋದೆ. ಹೊಲಿಗೆ ಯಂತ್ರದ ಪಕ್ಕ ಇಸ್ತ್ರಿ ಪೆಟ್ಟಿಗೆ ಇತ್ತು, ಮುಟ್ಟಿದರೆ ಇನ್ನೂ ಬಿಸಿ. ಸಾವಿರ ವ್ಯಾಟಿನದು. ಕೇಳಬೇಕೇ? ಕರೆಂಟ್ ಹೋದಾಗ ಇದನ್ನು ಇನ್ವರ್ಟರ್ ಲೈನಿಗೆ ಹಾಕಿದಿರಾ ಎಂದು ಅಲ್ಲೇ ನಿಂತು ಕೇಳಿದೆ.

ಆಕೆ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಡಬ್ಬಿಗೆ ಹಾಕಿದರು. "ನಾನ್ ಇಸ್ತ್ರಿ ಮಾಡೋದು ಕರೆಂಟ್ ಇದ್ದಾಗ ಮಾತ್ರ ಮೇಡಂ. ಆ ಲೈನು ಟೀಚರಮ್ಮನ ಉಸಿರು ಅಂತ ನಮಗೂ ಗೊತ್ತು."

ಅಷ್ಟು ಹೇಳಿ ಸ್ಟೂಲು ಹತ್ತಿ ತಮ್ಮ ಬಲ್ಬಿನ ವೈರನ್ನು ತಾವೇ ಕಿತ್ತು ನನ್ನ ಕೈಗೆ ಕೊಟ್ಟರು. ಅವರ ಮಗಳು ಎಸ್ಸೆಸ್ಸೆಲ್ಸಿ ಹುಡುಗಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ತರಕಾರಿಯವರೂ ವೈರು ಬಿಚ್ಚಿದರು. ನನಗೆ ಸ್ವಲ್ಪ ಇರಿಸುಮುರಿಸಾಯಿತು, ಆದರೆ ತಪ್ಪು ಮಾಡಿದೆ ಅನ್ನಿಸಲಿಲ್ಲ. ಆಮೇಲಿನ ವಾರವೆಲ್ಲ ಇನ್ವರ್ಟರ್ ಒಂದು ದಿನವೂ ನಿಲ್ಲದಿದ್ದಾಗಲಂತೂ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮತ್ತೆ ಫೋನ್ ಬಂತು. ಮತ್ತೆ ನಿಂತಿದೆ, ಮತ್ತೆ ಸಿಲಿಂಡರ್, ಈ ಸಲ ಇನ್ನೂ ಕಷ್ಟವಾಗಿದೆ. ಹೋಗಿ ನೋಡಿದರೆ ವೈರುಗಳೆಲ್ಲ ಹಗ್ಗದ ಮೇಲೆ ವಾಪಸು ಬಂದು ಕೂತಿವೆ. ಟೀಚರೇ ಹಟ ಹಿಡಿದು ಹಾಕಿಸಿದ್ದರು. ಮಗಳು ನನ್ನನ್ನು ಪಕ್ಕಕ್ಕೆ ಕರೆದು, ಇವರೆಲ್ಲರ ವೈರು ಶಾಶ್ವತವಾಗಿ ಕಿತ್ತುಹಾಕಿ, ಅಮ್ಮನಿಗೆ ನೀವೇ ಹೇಳಿ ಎಂದಳು. ನಾನು ಹೇಳಿದೆ. ಟೀಚರ್ ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಉತ್ತರ ಕೊಟ್ಟರು.

"ನನ್ನ ನೋಡ್ಕೊಳ್ಳೋರು ಕತ್ತಲಲ್ಲಿ ಕೂತ್ಕೋಬೇಕು, ನಾನು ಟಿವಿ ನೋಡ್ಕೊಂಡಿರ್ಬೇಕು. ಅದೆಂಥ ಬದುಕಮ್ಮ? ಆ ವೈರ್ ಕಿತ್ರೆ ನಿನ್ನ ಇನ್ವರ್ಟರೂ ತಗೊಂಡ್ಹೋಗು."

ಟೈಪಿಂಗ್ ಕ್ಲಾಸಿನ ದನಿ ಅದು. ಎದುರಾಡುವ ಅಭ್ಯಾಸ ನನಗಿರಲಿಲ್ಲ.

ವೈರ್ ಇದ್ದಾಗ ನಿಲ್ಲುತ್ತದೆ, ಇಲ್ಲದಾಗ ನಿಲ್ಲುವುದಿಲ್ಲ. ಇದಕ್ಕಿಂತ ಸಾಕ್ಷಿ ಬೇಕೇ ಎಂದು ಒಂದು ಮನಸ್ಸು. ಆದರೆ ಟೈಲರಕ್ಕ ಗುಂಡುಸೂಜಿ ತೆಗೆದು ಮಾತಾಡಿದ ರೀತಿ ಇನ್ನೊಂದು ಮನಸ್ಸಿನಿಂದ ಹೋಗುತ್ತಿರಲಿಲ್ಲ. ಮುಖ ನೋಡಿ ತೀರ್ಪು ಕೊಡುವ ಬದಲು ಅಳೆದೇ ನೋಡೋಣ ಎಂದು ತೀರ್ಮಾನಿಸಿದೆ.

ಆಗಷ್ಟೇ ನಮ್ಮ ಕೈಗೆ ಸಿಗತೊಡಗಿದ್ದ ಪವರ್ ಮಾನಿಟರ್ ಚಿಪ್ಪುಗಳು ಕೆಲವು ನನ್ನ ಡ್ರಾಯರಿನಲ್ಲಿದ್ದವು. ಅದರ ಉಪಾಯ ಸರಳ. ಕರೆಂಟ್ ಹರಿಯುವ ದಾರಿಯಲ್ಲಿ ಷಂಟ್ ಎಂಬ ಒಂದು ಲೋಹದ ಪಟ್ಟಿ ಇಡಬೇಕು. ಅದರ ತಡೆ ಎಷ್ಟೆಂದು ಮೊದಲೇ ಗೊತ್ತು, ತೀರಾ ಕಡಿಮೆ. ಕರೆಂಟ್ ಹರಿದಂತೆ ಪಟ್ಟಿಯ ಎರಡು ತುದಿಗಳ ನಡುವೆ ಕೆಲವು ಮಿಲಿವೋಲ್ಟ್ ಏಳುತ್ತದೆ. ಚಿಪ್ಪು ಅದನ್ನೂ ಅಳೆಯುತ್ತದೆ, ಲೈನಿನ ವೋಲ್ಟೇಜನ್ನೂ ಅಳೆಯುತ್ತದೆ, ಎರಡನ್ನೂ ಗುಣಿಸಿ ಎಷ್ಟು ಪವರ್ ಹೋಗುತ್ತಿದೆ ಎಂದು ಹೇಳುತ್ತದೆ. ಅದರೊಳಗೆ ಒಂದು ಮಿತಿಯನ್ನು ಬರೆದಿಡಬಹುದು. ಮಿತಿ ದಾಟಿದರೆ ಚಿಪ್ಪಿನ ಒಂದು ಕಾಲಿನ ವೋಲ್ಟೇಜ್ ತಕ್ಷಣ ಸೊನ್ನೆಗೆ ಇಳಿದು ಸುದ್ದಿ ಕೊಡುತ್ತದೆ. ಆ ಕಾಲಿಗೆ ರಿಲೇ ಎಂಬ ತಾನಾಗಿ ಆರುವ ಸ್ವಿಚ್ಚು ಕಟ್ಟಿದರೆ ಲೈನು ಕಟ್. ಬ್ಯಾಟರಿಗೆ ಒಂದು ಚಿಪ್ಪು, ಯಂತ್ರದ ಲೈನಿಗೆ ಒಂದು, ಟೀಚರ ಬಲ್ಬು ಫ್ಯಾನು ಟಿವಿಗೆ ಒಂದು, ನೆರೆಮನೆಗಳ ಬಲ್ಬುಗಳಿಗೆ ಒಂದು ಎಂದು ಬೋರ್ಡ್ ಹಾಕಿದೆ. ಯಾರು ಕಳ್ಳರೆಂದು ಈಗ ಗೊತ್ತಾಗಲೇಬೇಕು.

ಹೇಳುವುದಕ್ಕೆ ಸರಳ, ಮಾಡುವುದಕ್ಕೆ ಅಲ್ಲ. ಜೀರಿಗೆ ಕಾಳಿಗಿಂತ ಸಣ್ಣ ಕಾಲುಗಳಿಗೆ ಭೂತಗನ್ನಡಿ ಹಿಡಿದು ಸೋಲ್ಡರ್ ಮಾಡಬೇಕು. ಮೊದಲ ಬೋರ್ಡನ್ನು ಮೀಟರ್ ತಂತಿ ಎಲ್ಲಿಗೋ ತಗುಲಿಸಿ ನಾನೇ ಸುಟ್ಟೆ. ಎರಡನೆಯದು ಲೋಡೇ ಇಲ್ಲದೆ ಮಿತಿ ಮೀರಿತು, ಮಿತಿ ಮೀರಿತು ಎಂದು ಕೂಗತೊಡಗಿತು. ಎರಡು ದಿನ ಅದರ ಹಿಂದೆ ಬಿದ್ದ ಮೇಲೆ ತಿಳಿಯಿತು, ಷಂಟಿನಿಂದ ಚಿಪ್ಪಿಗೆ ಹೋಗುವ ಉದ್ದ ತಂತಿಗಳು ಇನ್ವರ್ಟರಿನ ವಿದ್ಯುತ್ ಗದ್ದಲವನ್ನೆಲ್ಲ ಹೀರಿಕೊಳ್ಳುತ್ತಿದ್ದವು. ತಂತಿಗಳನ್ನು ಗಿಡ್ಡ ಮಾಡಿ, ಎರಡನ್ನೂ ಜಡೆಯ ಹಾಗೆ ಹೆಣೆದು, ಷಂಟಿನ ಸರಿಯಾದ ತುದಿಗಳಿಗೇ ಬೆಸೆದೆ. ಕೂಗು ನಿಂತಿತು. ಮೂರನೆಯ ತೊಂದರೆ ಮೋಟಾರಿನದು. ಯಾವ ಮೋಟಾರೂ ಹೊರಡುವ ಕ್ಷಣಕ್ಕೆ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅದನ್ನು ಅಪರಾಧ ಎಂದು ಚಿಪ್ಪು ತಿಳಿಯಬಾರದು. ಕಣ್ಣು ಮಿಟುಕಿಸುವಷ್ಟು ಹೊತ್ತು ಕ್ಷಮೆ, ಅದಕ್ಕಿಂತ ಮುಂದುವರಿದರೆ ಕಟ್ ಎಂದು ಹೊಂದಿಸಿದೆ.

ವಠಾರಕ್ಕೆ ಒಯ್ದು ಕೂರಿಸಿದೆ. ಆದರೆ ರಿಲೇಗಳನ್ನು ಇನ್ನೂ ಜೋಡಿಸಲಿಲ್ಲ. ಚಿಪ್ಪುಗಳು ಬರೀ ನೋಡಲಿ, ಹಳೆಯ ಸರ್ಕ್ಯೂಟೇ ಕಟ್ ಮಾಡಲಿ, ಆಗ ನಿಜ ಕಾಣುತ್ತದೆ ಎಂದು ಲೆಕ್ಕ. ಅಂಕಿ ತೋರಿಸುವ ಸಣ್ಣ ಪರದೆಯೊಂದಕ್ಕೆ ಉದ್ದ ಕೇಬಲ್ ಹಾಕಿಕೊಂಡೆ. ಸಂಜೆ ಟೀಚರಿಗೆ ಹೋಗಿ ಬರ್ತೀನಿ ಎಂದು ಹೇಳಿ ಹೊರಬಂದು, ಎಲ್ಲಿ ಕೂರುವುದು ಎಂದು ನೋಡುತ್ತಿದ್ದಾಗ ಟೈಲರಕ್ಕ ತಮ್ಮ ಹೊಸ್ತಿಲ ಹತ್ತಿರ ಒಂದು ಮಣೆ ಹಾಕಿದರು. ಕಾಫಿಯನ್ನೂ ಕೊಟ್ಟರು. ನಾನು ಇಸ್ತ್ರಿ ಪೆಟ್ಟಿಗೆಯ ವಿಷಯ ಎತ್ತಲು ಹೋದೆ, ಕಾಫಿ ಆರೋಗತ್ತೆ ಕುಡೀರಿ ಎಂದರು.

ಕರೆಂಟ್ ಹೋಯಿತು. ಇನ್ವರ್ಟರ್ ಎಷ್ಟು ಬೇಗ ಎತ್ತಿಕೊಂಡಿತೆಂದರೆ ಯಂತ್ರದ ಧಪ್ ಧಪ್ ಒಂದು ಬಡಿತವನ್ನೂ ತಪ್ಪಿಸಲಿಲ್ಲ. ಪರದೆಯಲ್ಲಿ ಯಂತ್ರದ ಲೈನಿಗೆ ಒಂದೂವರೆ ಆಂಪಿನ ಸುತ್ತ. ನೆರೆಮನೆಗಳ ಲೈನಿಗೆ ಅದರ ಹತ್ತನೇ ಒಂದು ಭಾಗವೂ ಇಲ್ಲ. ಮೂರು ಸಿಎಫ್ಎಲ್ ಬಲ್ಬಿಗೆ ಇರಬೇಕಾದಷ್ಟೇ ಇತ್ತು. ಹುಡುಗಿ ಬಲ್ಬಿನ ಕೆಳಗೆ ಓದುತ್ತಿದ್ದಳು. ಯಾರಾದರೂ ಏನಾದರೂ ಸಿಕ್ಕಿಸಲಿ ಎಂದು ಕಾದೆ. ಯಾರೂ ಏನೂ ಸಿಕ್ಕಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಇನ್ವರ್ಟರಿನ ಕೆಂಪು ದೀಪ ಬಂತು. ಅದಾದ ಮೇಲೆ ಯಂತ್ರದ ಲೈನಿನ ಅಂಕಿ ಇದ್ದಕ್ಕಿದ್ದಂತೆ ಸೊನ್ನೆಯಾಯಿತು. ದರಿದ್ರ ಚಿಪ್ಪು ಮತ್ತೆ ಕೆಟ್ಟಿತು ಎಂದು ಪರದೆಯನ್ನು ಕುಟ್ಟಿದೆ. ಆಮೇಲೆ ಗಮನಿಸಿದೆ, ಧಪ್ ಧಪ್ ಕೇಳಿಸುತ್ತಿಲ್ಲ. ಇನ್ವರ್ಟರ್ ನಡೆಯುತ್ತಿದೆ, ಬಲ್ಬುಗಳು ಉರಿಯುತ್ತಿವೆ, ಯಂತ್ರ ಮಾತ್ರ ನಿಂತಿದೆ. ಕೆಂಪು ದೀಪ ಹೋಗಿ ಹಸಿರು ಬಂದಿದೆ.

ಎದ್ದು ಬಾಗಿಲಿಗೆ ಹೋದೆ. ಟೀಚರ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎರಡು ಕೈಗಳೂ ಕುರ್ಚಿಯ ತೋಳನ್ನು ಹಿಡಿದಿದ್ದವು. ಭುಜ ಮೇಲೆ ಕೆಳಗೆ ಆಗುತ್ತಿತ್ತು. ಕಣ್ಣು ಓಣಿಯ ಹಸಿರು ದೀಪದ ಮೇಲೆ. ನನ್ನನ್ನು ನೋಡಿದರು, ಗದರಿಸುವಷ್ಟು ಉಸಿರಿರಲಿಲ್ಲ. ಕೈ ಚಾಚಿ ಯಂತ್ರದ ಸ್ವಿಚ್ಚು ಹಾಕಿದರು. ಧಪ್ ಎನ್ನಬೇಕಾದ ಯಂತ್ರ ಹೂಂ ಎಂದು ಹೂಂಕರಿಸಿತು, ತಿರುಗಲಿಲ್ಲ. ನನ್ನ ಕೈಯಲ್ಲಿದ್ದ ಪರದೆಯಲ್ಲಿ ಅದರ ಲೈನು ಎಂಟು, ಒಂಬತ್ತು ಆಂಪಿಗೆ ಹಾರಿ ಅಲ್ಲೇ ನಿಂತಿತು. ಮರುಕ್ಷಣ ಇನ್ವರ್ಟರ್ ಕಟ್. ಇಡೀ ಓಣಿ ಕತ್ತಲು.

ನಾನು ಸಿಲಿಂಡರ್ ಎಲ್ಲಿದೆ ಎಂದು ತಡಕಾಡುವುದರೊಳಗೆ ಟೈಲರಕ್ಕ ನನ್ನನ್ನು ಸರಿಸಿ ಒಳಗೆ ಹೋಗಿ ತಿರುಗಿಸಿಯಾಗಿತ್ತು. ಟೀಚರ ಕೈ ಹಿಡಿದುಕೊಂಡು ಕೂತೆ. ಬೆರಳುಗಳು ತಣ್ಣಗಿದ್ದವು. ನನಗೆ ಕೋಪ ಬಂದಿತ್ತೋ ಅಳು ಬಂದಿತ್ತೋ ಇವತ್ತಿಗೂ ಹೇಳಲಾರೆ. ಅವರು ಮಾತಾಡುವಂತಾದಾಗ ಯಾಕೆ ಆರಿಸಿದಿರಿ ಎಂದು ಕೇಳಿದೆ.

"ಕೆಂಪು ದೀಪ ಬಂದ್ರೆ ಲೋಡ್ ಕಡಿಮೆ ಮಾಡಿ ಅಂದಿದ್ದು ನೀನೇ ಅಲ್ವಾ," ಎಂದರು. "ಮಾಡ್ದೆ."

"ಅಷ್ಟು ಬೇಕಿಲ್ಲದ್ದನ್ನ ಆರಿಸಿ ಅಂದಿದ್ದೆ ಟೀಚರ್."

"ಹೂಂ. ನಾನು ಕಾಲು ಗಂಟೆ ಹಾಗೇ ಕೂತ್ಕೋಬಲ್ಲೆ. ಆ ಮಗೂಗೆ ಪರೀಕ್ಷೆ ಹತ್ರ ಬಂತು. ಬ್ಯಾಟರಿ ಮುಗಿದ್ರೆ ಅವಳು ಎಲ್ಲಿ ಓದ್ಬೇಕು?"

ಆ ಹುಡುಗಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಮಾತು ಕೊಟ್ಟೆ. ಟೈಲರಕ್ಕ ಸಿಲಿಂಡರ್ ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಅವರಿಂದ ಯಾರೂ ಮಾತು ತೆಗೆದುಕೊಳ್ಳಲಿಲ್ಲ.

ವರ್ಕ್‌ಶಾಪಿಗೆ ಬಂದು ಕೂತಾಗ ಒಂದೊಂದೇ ಕೂಡಿಬಂತು. ಆ ಹಳೆಯ ಯಂತ್ರವನ್ನು ನಿಲ್ಲಿಸಿದಾಗ ಒಳಗೆ ಒತ್ತಿದ ಗಾಳಿ ಹಾಗೇ ಉಳಿಯುತ್ತದೆ. ಅದು ಸೋರಿಹೋಗುವವರೆಗೆ ಕಾದು ಹಾಕಿದರೆ ಮೋಟಾರ್ ಸಲೀಸಾಗಿ ಹೊರಡುತ್ತದೆ. ಬೇಗ ಹಾಕಿದರೆ ಒಳಗಿನ ಒತ್ತಡದ ಎದುರು ತಿರುಗಲಾರದೆ ಸಿಕ್ಕಿಹಾಕಿಕೊಂಡು ಬೇಕಾಬಿಟ್ಟಿ ಕರೆಂಟ್ ಎಳೆಯುತ್ತದೆ. ಉಸಿರು ಪರವಾಗಿಲ್ಲ ಎನ್ನುವ ದಿನ ಟೀಚರ್ ಹೆಚ್ಚು ಹೊತ್ತು ತಡೆಯುತ್ತಿದ್ದರು, ಯಂತ್ರ ಹೊರಡುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಉಸಿರು ಕಷ್ಟವಾದ ದಿನ ಬೇಗ ಸ್ವಿಚ್ಚು ಹಾಕುತ್ತಿದ್ದರು. ಯಾವ ದಿನ ಅವರಿಗೆ ಯಂತ್ರ ತೀರಾ ಬೇಕೋ ಆ ದಿನವೇ ಅದು ಕೈಕೊಡುತ್ತಿತ್ತು. ನೆರೆಮನೆಯ ವೈರ್ ಇಲ್ಲದ ವಾರ ಅವರು ಆರಿಸುವ ಗೋಜಿಗೇ ಹೋಗಿರಲಿಲ್ಲ.

ಇನ್ನು ಆ ಕೆಂಪು ದೀಪ. ನಾನು ಅದನ್ನು ಬ್ಯಾಟರಿಯ ವೋಲ್ಟೇಜಿಗೆ ಮಾತ್ರ ಕಟ್ಟಿದ್ದೆ. ಭಾರ ಹೊತ್ತಾಗ ಬ್ಯಾಟರಿಯ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಭಾರ ಇಳಿಸಿದರೆ ಮತ್ತೆ ಏಳುತ್ತದೆ. ಒಳಗೆ ಬೇಕಾದಷ್ಟು ಉಳಿದಿದ್ದಾಗಲೂ ಯಂತ್ರ ನಡೆಯುವಾಗ ಕೆಂಪು, ಆರಿಸಿದರೆ ಹಸಿರು. ಟೀಚರ್ ನೋಡಿ ನೋಡಿ ಪಾಠ ಕಲಿತಿದ್ದರು. ಮೂರು ಬಲ್ಬು ಆರಿಸಿದರೆ ಸಿಗುವುದಕ್ಕಿಂತ ಯಂತ್ರ ಆರಿಸಿದರೆ ಸಿಗುವುದು ಹತ್ತು ಪಟ್ಟು, ಹಾಗಾಗಿ ಅವರ ಲೆಕ್ಕವೂ ತಪ್ಪಿರಲಿಲ್ಲ. ಸುಳ್ಳು ಹೇಳಿದ್ದು ದೀಪ ಮಾತ್ರ.

ಸುಲಭದ ದಾರಿ ಎಂದರೆ ಮಿತಿಯನ್ನು ಏರಿಸುವುದು. ಸಿಕ್ಕಿಕೊಂಡ ಮೋಟಾರ್ ಎಷ್ಟೇ ಎಳೆಯಲಿ, ಇನ್ವರ್ಟರ್ ನಿಲ್ಲದಿದ್ದರೆ ಸರಿ. ಒಂದು ಮೋಟಾರನ್ನು ತಿರುಗದಂತೆ ಹಿಡಿದಿಟ್ಟು ಬೆಂಚಿನ ಮೇಲೆ ಪ್ರಯತ್ನಿಸಿದೆ. ಟ್ರಾನ್ಸಿಸ್ಟರುಗಳು ಪಟ್ ಪಟ್ ಎಂದು ಹೋದವು, ಕೋಣೆ ತುಂಬ ವಾಸನೆ. ವಠಾರದಲ್ಲಿ ಹೀಗಾಗಿದ್ದರೆ ಎಂದು ನೆನೆದು ಕಿಟಕಿ ತೆರೆದೆ. ಆಗ ಮನಸ್ಸಿಗೆ ಬಂತು, ಇಷ್ಟು ದಿನ ನಾನು ಕಾಪಾಡುತ್ತಿದ್ದದ್ದು ಇನ್ವರ್ಟರನ್ನು. ಕಾಪಾಡಬೇಕಾದದ್ದು ಯಾವುದು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಮಿತಿ ಬರೆಯಬೇಕು.

ರಿಲೇಗಳನ್ನು ಈಗ ಜೋಡಿಸಿದೆ. ಯಾವ ಲೈನು ಮಿತಿ ಮೀರುತ್ತದೋ ಅದೊಂದೇ ಕಟ್ಟಾಗಬೇಕು, ಉಳಿದವು ನಡೆಯಬೇಕು. ಯಂತ್ರದ ಲೈನು ಸಿಕ್ಕಿಕೊಂಡು ಕಟ್ಟಾದರೆ ಟೈಲರಕ್ಕನ ಮನೆಯಲ್ಲಿ ಬಝರ್ ಕೂಗಬೇಕು, ಅವರು ಬಂದು ಸಿಲಿಂಡರ್ ತೆರೆಯುವ ಹೊತ್ತಿಗೆ ಒತ್ತಡ ಸೋರಲು ಬಿಟ್ಟು ಲೈನು ತಾನೇ ಮತ್ತೆ ಪ್ರಯತ್ನಿಸಬೇಕು. ಯಂತ್ರದ ಒತ್ತಡ ಬಿಡುವ ವಾಲ್ವ್ ಬದಲಿಸುವಂತೆ ಅದನ್ನು ಮಾರಿದವರಿಗೂ ಹೇಳಿಸಿದೆ. ದೀಪವನ್ನು ವೋಲ್ಟೇಜಿನಿಂದ ಬಿಡಿಸಿ, ಬ್ಯಾಟರಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಚಿಪ್ಪು ಕೂಡಿಸಿ ಕಳೆದು ಇಡುವ ಲೆಕ್ಕಕ್ಕೆ ಕಟ್ಟಿದೆ. ಇನ್ನು ಅದು ನಿಜವಾಗಿ ಕಡಿಮೆಯಾದಾಗ ಮಾತ್ರ ಕೆಂಪಾಗುತ್ತದೆ. ಬ್ಯಾಟರಿ ಅರ್ಧ ಇಳಿದರೆ ನೆರೆಮನೆಗಳ ಲೈನು ಮೊದಲು ಹೋಗುತ್ತದೆ, ಕೆಂಪಾದಾಗ ಟೀಚರ ಬಲ್ಬು ಫ್ಯಾನು ಟಿವಿ. ಯಂತ್ರ ಕಡೆಯವರೆಗೂ.

ಹಾಕಿ ಮುಗಿಸಿ ಟೀಚರಿಗೂ ಮಗಳಿಗೂ ವಿವರಿಸುತ್ತಿದ್ದೆ. ದೀಪದ ಪಕ್ಕ ಈಗ ಸಣ್ಣ ಅಂಕಿಯೂ ಕಾಣುತ್ತಿತ್ತು. ಇದನ್ನು ನಂಬಬಹುದಾ ಎಂದು ಟೀಚರ್ ಕೇಳಿದರು. ಈ ಸಲ ನಂಬಬಹುದು ಎಂದೆ. ಕಡಿಮೆಯಾದರೆ ಯಾವುದು ಮೊದಲು ಹೋಗುತ್ತದೆ ಎಂದು ಕೇಳಿದರು. ಹೇಳಿದೆ. ಪೆನ್ಸಿಲ್ ಇದ್ದಿದ್ದರೆ ಟಕ್ ಎನ್ನುತ್ತಿತ್ತು.

"ಮೊದಲು ನಂದು," ಎಂದರು.

"ಟೀಚರ್, ಯಂತ್ರ ಮಾತ್ರ ಆಗಲ್ಲ."

"ಯಂತ್ರ ಬೇಡ. ನನ್ನ ಬಲ್ಬು, ಫ್ಯಾನು, ಟಿವಿ. ಕತ್ತಲಲ್ಲಿ ಕೂತ್ಕೊಂಡು ಉಸಿರಾಡಕ್ಕೆ ನನಗೇನು ತೊಂದ್ರೆ? ಅವರದ್ದು ಆಮೇಲೆ."

ಮಗಳು ನನ್ನ ಮುಖ ನೋಡಿದಳು. ನಾನು ಲೆಕ್ಕ ಹಾಕಿದೆ. ಟೀಚರ ಫ್ಯಾನು ಟಿವಿ ಎಳೆಯುವುದೇ ನೆರೆಮನೆಗಳ ಬಲ್ಬುಗಳಿಗಿಂತ ಹೆಚ್ಚು, ಹಾಗಾಗಿ ಅವರ ಮಾತು ಎಂಜಿನಿಯರಿಂಗಿಗೂ ಸರಿಯಾಗಿತ್ತು. ಅವರ ಎದುರೇ ಲ್ಯಾಪ್‌ಟಾಪ್ ತೆಗೆದು ಕ್ರಮ ಬದಲಿಸಿದೆ. ಬದಲಿಗೆ ಒಂದು ಮಾತು ಕೇಳಿದೆ, ಯಂತ್ರದ ಸ್ವಿಚ್ಚಿಗೆ ಮಾತ್ರ ಕೈ ಹಾಕಬಾರದು. ಅದಕ್ಕೆ ಅವರು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಈ ಒಂದು ಜಾಗಕ್ಕೆ ನನ್ನ ಹತ್ತಿರ ಚಿಪ್ಪಿರಲಿಲ್ಲ.

ಪರೀಕ್ಷೆ ಶುರುವಾದ ವಾರದಲ್ಲೊಂದು ಸಂಜೆ ಮಗಳು ಮೆಜೆಸ್ಟಿಕ್ಕಿನಿಂದ ಫೋನ್ ಮಾಡಿದಳು. ಬಸ್ಸುಗಳು ಅಲುಗಾಡುತ್ತಿಲ್ಲ, ಕರೆಂಟ್ ಮಧ್ಯಾಹ್ನದಿಂದ ಹೋಗಿ ಬಂದು ಮಾಡುತ್ತಿದೆಯಂತೆ, ಸ್ವಲ್ಪ ಹೋಗಿ ನೋಡ್ತೀರಾ ಎಂದಳು. ನಾನು ಹೋಗುವಾಗ ವಠಾರದಲ್ಲಿ ಕತ್ತಲು ಕವಿದಿತ್ತು. ಅವತ್ತು ಬ್ಯಾಟರಿ ಪೂರ್ತಿ ತುಂಬುವಷ್ಟು ಕರೆಂಟೇ ಬಂದಿರಲಿಲ್ಲ. ಟೀಚರ ಮನೆಯ ಬಲ್ಬು, ಫ್ಯಾನು, ಟಿವಿ ಆಗಲೇ ಹೋಗಿದ್ದವು. ಒಳಗಿನಿಂದ ಧಪ್ ಧಪ್ ಮಾತ್ರ ಕೇಳುತ್ತಿತ್ತು. ಎದುರುಮನೆಯ ಕಿಟಕಿಯ ಬೆಳಕು ಓಣಿ ದಾಟಿ ಅವರ ಹೊಸ್ತಿಲವರೆಗೆ ಬಿದ್ದಿತ್ತು. ಕುರ್ಚಿಯಲ್ಲಿ ಅವರ ಸೀರೆಯ ಅಂಚು ಅಷ್ಟೇ ಕಾಣುತ್ತಿತ್ತು. ಬಂದದ್ದು ಯಾರು ಎಂದು ಕೇಳಿ, ಕೂತ್ಕೋ ಎಂದರು.

ಸ್ವಲ್ಪ ಹೊತ್ತಿಗೆ ದೀಪ ಕೆಂಪಾಯಿತು. ಈ ಸಲ ನಿಜವಾದ ಕೆಂಪು. ಓಣಿಯಲ್ಲಿ ರಿಲೇ ಕಟಕ್ ಎಂದಿತು, ಎದುರುಮನೆಯ ಬಲ್ಬು ಹೋಯಿತು, ತರಕಾರಿಯವರದೂ ಹೋಯಿತು. ಯಂತ್ರವೊಂದಕ್ಕೇ ಆದರೆ ಉಳಿದದ್ದು ಇನ್ನೂ ಒಂದು ಗಂಟೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಬರೆದ ಕ್ರಮ ನಾನು ಬರೆದ ಹಾಗೇ ನಡೆದಿತ್ತು.

ಆ ಕೆಂಪು ಬೆಳಕಿನಲ್ಲಿ ಟೀಚರ ಕೈ ಕುರ್ಚಿಯ ತೋಳಿನಿಂದ ಎದ್ದು ಸ್ವಿಚ್ಚಿನ ಕಡೆ ಹೋದದ್ದು ಕಂಡಿತು. ನಾನು ಬೇಡ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಎದುರಿನ ಕತ್ತಲೊಳಗಿಂದ ಹುಡುಗಿಯ ದನಿ ಬಂತು. "ಟೀಚರ್, ಆರಿಸ್ಬೇಡಿ. ನಂಗೆ ದೀಪ ಬೇಡ. ನಾನು ಬಾಯಲ್ಲಿ ಹೇಳ್ತೀನಿ, ನೀವು ಕೇಳಿಸ್ಕೊಳಿ."

ಯಾರು ಹೇಳಿದರು ಎಂದು ಟೀಚರ್ ನನ್ನ ಕಡೆ ತಿರುಗಿದರು. ನಾನಲ್ಲ ಎಂದೆ. ಎದುರಿನ ಕತ್ತಲಲ್ಲಿ ಟೈಲರಕ್ಕನ ಗುಂಡುಸೂಜಿ ಡಬ್ಬಿ ಮುಚ್ಚಿದ ಸದ್ದಾಯಿತು. ಹುಡುಗಿ ಉತ್ತರಕ್ಕೆ ಕಾಯದೆ ಶುರು ಮಾಡಿಬಿಟ್ಟಿದ್ದಳು, ಒಂದನೇ ಮಹಾಯುದ್ಧಕ್ಕೆ ಕಾರಣಗಳು, ಯಂತ್ರದ ಸದ್ದಿಗಿಂತ ಮೇಲೆ ಕೇಳಲಿ ಎಂದು ಜೋರಾಗಿ. ಒಂದು, ಎರಡು, ಮೂರು ಹೇಳಿದಳು. ಆಮೇಲೆ ಐದಕ್ಕೆ ಹಾರಿದಳು.

ಟೀಚರ ಕೈ ಸ್ವಿಚ್ಚಿನ ಹತ್ತಿರವೇ ನಿಂತಿತ್ತು. ಅದು ನಿಧಾನವಾಗಿ ಮಡಿಲಿಗೆ ಬಂತು.

"ನಾಲ್ಕನೇದು ಬಿಟ್ಟೆ," ಎಂದರು, ಎರಡು ಉಸಿರಿನ ನಡುವೆ. "ಮೊದಲಿಂದ ಹೇಳು."

ಹುಡುಗಿ ಮೊದಲಿಂದ ಹೇಳಿದಳು.